ಶೇಂಗಾ ಮೂಸೋ ನಾಯಿ

(1/4)
ಫೋಟೋದಾಗ ಇರೋದು ಮೂಡಲಗಿಯ ನಮ್ಮ ಮನಿ ಮಾಳಗಿ. ಮ್ಯಾಲೆ ಒಣಗಾಕ ಹಾಕಿರೋದು ಶೇಂಗಾ. ಮುಂಜಾನೆ ಬಿಸಿಲಿಗೆ ಚಂದ ಕಾಣ್ತಿತ್ತು, ತೆಗೆದೆ. ಗೋಕಾಕದ ಕಾಲೇಜಿನಾಗ ನನ್ನ ಜೋಡಿ ಡಬ್ಬಿ ಬಿಚ್ಚೋರಿಗೆ ಗೊತ್ತೇ ಐತಿ, ನಮ್ಮ ಕಡೆ ಶೇಂಗಾ ಇಲ್ಲದ ಊಟ ಊಟಾನೇ ಅಲ್ಲ. ರೊಟ್ಟಿಗೆ ಶೇಂಗಾ ಹಿಂಡಿ, ಎಣಗಾಯಿ ಮಸಾಲಿಗೆ ಶೇಂಗಾ ಪುಡಿ, ಪಂಚಮಿಗೆ ಶೇಂಗಾ ಉಂಡಿ, ಎಳ್ಳ ಅಮಾಸಿಗೆ ಶೇಂಗಾ ಹೋಳಿಗಿ, ಬಸ್‌ಸ್ಟ್ಯಾಂಡಿನಾಗ ಪೊಟ್ಟಣದ ಶೇಂಗಾ.

ಹುಕ್ಕೇರಿಯಲ್ಲಿರೋ ನಮ್ಮ ಕಾಕಾನ ಮಗಳಿಗೆ ಇದರಾಗ ಒಂದೂ ನಡೆಯಂಗಿಲ್ಲ. ಒಂಬತ್ತು ವರ್ಷದಾಕಿ. ಹ್ವಾದ ವರ್ಷ ಒಂದು ಮದುವಿ ಊಟದಾಗ ಎಣಗಾಯಿ ತಿಂದಳು, ಎರಡೇ ತುತ್ತು. ಹತ್ತು ನಿಮಿಷದಾಗ ತುಟಿ ಬಾತು, ಮೈತುಂಬ ಪಿತ್ತದ ಗಂಧೆ ಎದ್ದು, ಉಸಿರು ಎಳಕೊಳ್ಳುವಾಗ ಸಿಳ್ಳೆ ಹೊಡೆದಂಗ ಸಪ್ಪಳ ಬರಾಕತ್ತು. ದವಾಖಾನಿ ಹತ್ತಿರ ಇತ್ತು. ಡಾಕ್ಟರು ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತಿನಾಗ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಳು. ಅದು ಅಡ್ರಿನಾಲಿನ್. ಈ ತೀವ್ರ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಅಂತಾರ. ಶೇಂಗಾದಲ್ಲಿರೋ ಪ್ರೋಟೀನನ್ನು ದೇಹ ವೈರಿ ಅಂತ ತಿಳಿದು ತನ್ನ ಮೈಮೇಲೆ ತಾನೇ ಯುದ್ಧಕ್ಕೆ ಬಿದ್ದಂಗ.

(2/4)
ಆಮ್ಯಾಲೆ ಒಂದಿನ ಅವಳು ನನ್ನ ಫೋನಿನಾಗ ಒಂದು ರೀಲ್ಸ್ ನೋಡಿದಳು. ಅಮೆರಿಕದ ಯಾವುದೋ ಸಾಲಿ. ಒಂದು ಲ್ಯಾಬ್ರಡಾರ್ ನಾಯಿ ಕ್ಲಾಸ್‌ರೂಮಿನ ಟೇಬಲ್ಲು, ಕುರ್ಚಿ, ಮಕ್ಕಳ ಡಬ್ಬಿ ಎಲ್ಲಾ ಮೂಸಿಕೋತ ಹೋಗಿ ಒಂದು ಬ್ಯಾಗಿನ ಮುಂದ ಟಪ್ ಅಂತ ಕೂತುಬಿಡ್ತು. ಅದರಾಗ ಶೇಂಗಾ ಇತ್ತು.

"ಅಕ್ಕಾ, ನನಗೂ ಇಂಥಾ ನಾಯಿ ಒಂದ ತರೂಣಲ್ಲ?"

ಆಗ ನಕ್ಕು ಬಿಟ್ಟೆ. ರಾತ್ರಿ ಕೂತು ಓದಿದೆ.

ಇದು ಖರೇನ ಐತ್ರಿ. ಮನುಷ್ಯನ ಮೂಗಿನಾಗ ವಾಸನೆ ಹಿಡಿಯೋ ಗ್ರಾಹಕಗಳು ಸುಮಾರು 60 ಲಕ್ಷ, ನಾಯಿಗೆ 30 ಕೋಟಿ ತನಕ ಅಂತ ಲೆಕ್ಕ ಹೇಳ್ತಾರ. ತರಬೇತಿ ಹಿಂಗ: ಮೊದಲು ಒಂದು ಡಬ್ಬಿಯಾಗ ಶೇಂಗಾ ಇಟ್ಟು, ನಾಯಿ ಅದನ್ನು ಗುರುತಿಸಿದ ಕೂಡಲೇ ತಿನಿಸು ಇಲ್ಲವೇ ಆಟಿಗಿ. ಆಮ್ಯಾಲೆ ಪ್ರಮಾಣ ಕಡಿಮೆ ಮಾಡ್ತಾ ಹೋಗ್ತಾರೆ. ಬಿಸ್ಕೀಟಿನೊಳಗೆ ಬೆರೆಸಿದ್ದು, ಟೇಬಲ್ ಮೇಲೆ ಒರೆಸಿ ಉಳಿದ ಜಿಡ್ಡು, ಹಿಂಗ. ನಡುನಡುವೆ ಗೋಡಂಬಿ, ಬಾದಾಮಿ ಇಟ್ಟು ಪರೀಕ್ಷೆ ಮಾಡ್ತಾರೆ, ನಾಯಿ ಅದಕ್ಕೂ ಕೂತರೆ ಫೇಲ್. ಒಡೆಯ "ನೋಡು" ಅಂತ ಸನ್ನೆ ಮಾಡಿದ ಜಾಗವನ್ನು ಮೂಸಿ, ಶೇಂಗಾ ಇದ್ರ ಕುಂದರಬೇಕು. ಅಷ್ಟೇ ಅದರ ಭಾಷೆ.

ಅಮೆರಿಕದಲ್ಲಿ ಅಂಗವಿಕಲರ ಕಾಯ್ದೆಯ ನಿಯಮಗಳನ್ನು ತಿದ್ದಿದರು, 2011ರಿಂದ ಅವು ಜಾರಿಗೆ ಬಂದವು. ಅದರಲ್ಲಿ ಸಹಾಯಕ ನಾಯಿ ಮಾಡುವ ಕೆಲಸಗಳ ಉದಾಹರಣೆಯೊಳಗ ಅಲರ್ಜಿ ತರುವ ವಸ್ತು ಐತಿ ಅಂತ ಎಚ್ಚರಿಸೋದನ್ನೂ ಬರೆದಾರ. ಹಂಗಾಗಿ ಹೋಟೆಲಿನವರು "ನಾಯಿ ಹೊರಗ ಕಟ್ಟಿ ಬರ್ರಿ" ಅನ್ನಂಗಿಲ್ಲ. ನಮ್ಮ ದೇಶದ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಅಂಗವೈಕಲ್ಯಗಳಿದ್ದಾವೆ, ಅಲರ್ಜಿ ಅದರಾಗ ಇಲ್ಲ. ನಾಯಿ ಕರಕೊಂಡು ಹುಕ್ಕೇರಿ ಬಸ್ ಹತ್ತಿದ್ರ ಕಂಡಕ್ಟರ್ ಏನಂತಾನ ಅನ್ನೋದು ನೀವೇ ಊಹೆ ಮಾಡ್ರಿ.

(3/4)
ಬಿಕಾಂ ಬುದ್ಧಿ, ಲೆಕ್ಕ ಹಾಕದೆ ಇರಾಕ ಆಗಲಿಲ್ಲ. ತರಬೇತಿ ಪಡೆದ ಇಂಥ ನಾಯಿಗೆ ಅಲ್ಲಿ 10,000 ಡಾಲರ್‌ಗೂ ಹೆಚ್ಚು ಬೀಳ್ತದೆ. ನಮ್ಮ ರೂಪಾಯಿಯಲ್ಲಿ 8 ಲಕ್ಷದ ಮ್ಯಾಲೇ. ಎಂಟು ವರ್ಷ ಕೆಲಸ ಮಾಡ್ತು ಅಂತ ಹಿಡಿದು, ಸ್ಟ್ರೈಟ್ ಲೈನ್ ಮೆಥಡ್‌ನಾಗ ಡಿಪ್ರಿಸಿಯೇಷನ್ ಹಾಕಿದ್ರ ವರ್ಷಕ್ಕೆ 1 ಲಕ್ಷ. ಊಟ, ದವಾಖಾನಿ ಬ್ಯಾರೆ. ನಮ್ಮ ಕಾಕಾನ ಕಬ್ಬಿನ ಬಿಲ್ ನೆನಪಾಗಿ ಪುಸ್ತಕ ಮುಚ್ಚಿದೆ.

ಕಮೆಂಟ್‌ನಾಗ ಯಾರೋ ಒಬ್ರು "ಮುಧೋಳ ನಾಯಿ ತರಿಸು" ಅಂತ ಬರೆಯೋದು ಗ್ಯಾರಂಟಿ, ಅದಕ್ಕ ಮೊದಲೇ ಹೇಳಿಬಿಡ್ತೀನಿ. ಮೂಡಲಗಿಯಿಂದ ಮುಧೋಳ ಏನು ದೂರಿಲ್ಲ. ಆ ನಾಯಿ ಬಗ್ಗೆ ನನಗೂ ಹೆಮ್ಮೆ ಐತಿ: 2005ರಲ್ಲಿ ಅಂಚೆ ಚೀಟಿ ಬಂತು, 2016ರಲ್ಲಿ ಸೈನ್ಯದವರು ತರಬೇತಿಗೆ ಮೀರತ್‌ಗೆ ಒಯ್ದರು, ತಿಮ್ಮಾಪುರದಾಗ ಅದಕ್ಕಂತನೇ ಸಂಶೋಧನಾ ಕೇಂದ್ರ ಐತಿ. ಆದ್ರೆ ಅದು ಕಣ್ಣಿನಿಂದ ಬೇಟೆ ಆಡೋ ಜಾತಿ. ದೂರದ ಮೊಲ ಕಂಡ್ರ ಗಾಳಿಯಂಗ ಓಡ್ತದೆ. ತಟ್ಟೆ ಮುಂದ ನಿಂತು ಪಲ್ಯ ಮೂಸೋ ಕೆಲಸಕ್ಕೆ ಸಾಮಾನ್ಯವಾಗಿ ಲ್ಯಾಬ್ರಡಾರ್, ಪೂಡಲ್ ಅಂಥವನ್ನ ಆರಿಸ್ತಾರ.

ಖರೇ ತೊಡಕು ರೊಕ್ಕದ್ದೂ ಅಲ್ಲ, ಜಾತಿದೂ ಅಲ್ಲ. ಆ ರೀಲ್ಸ್‌ನಾಗಿನ ಸಾಲಿಯಲ್ಲಿ ಶೇಂಗಾ ಅಪರೂಪದ ವಸ್ತು, ಅದಕ್ಕ ನಾಯಿ ಕೂತಾಗ ಅದಕ್ಕೊಂದು ಅರ್ಥ. ಅದೇ ನಾಯಿಯನ್ನ ಹುಕ್ಕೇರಿಗೆ ತಂದು ಕಾಕುನ ಅಡಿಗಿಮನಿ ಬಿಟ್ಟು ಓಣಿಗೆ ಇಳಿಸ್ರಿ. ಮೊದಲನೇ ಕಟ್ಟಿ ಮುಂದ ಕೂಡ್ತದ. ಕಿರಾಣಿ ಅಂಗಡಿ ಮುಂದ ಕೂಡ್ತದ. ಗಾಣದ ಮುಂದ ಕೂತಿದ್ದು ಏಳಂಗೇ ಇಲ್ಲ. ಅಂದಹಾಗೆ ಗಾಣದ ಎಣ್ಣಿ ಅವಳಿಗೆ ಅಪಾಯ, ಯಾಕಂದ್ರ ಅದರಾಗ ಶೇಂಗಾದ ಪ್ರೋಟೀನ್ ಉಳಿದಿರ್ತದೆ. ಪೂರ್ತಿ ರಿಫೈನ್ ಮಾಡಿದ್ರಾಗ ಬಹುತೇಕ ಹೋಗಿರ್ತದೆ. ನಾವು ಗಾಣದ್ದೇ ಶುದ್ಧ ಅಂತ ಹುಡುಕಿ ತರ್ತೀವಿ.

ಪ್ಯಾಕೆಟ್ ತಿನಿಸಿಗೆ ಒಂದು ದಾರಿ ಐತಿ. ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮದ ಪ್ರಕಾರ ಶೇಂಗಾ, ಹಾಲು, ಗೋದಿಯಂಥವು ಇದ್ರ ಪ್ಯಾಕೆಟ್ ಮೇಲೆ ಬರೀಬೇಕು. ಆದ್ರೆ ಬಾಜೂ ಮನಿ ಅಜ್ಜಿ ಕೊಟ್ಟ ಉಂಡಿಗೆ ಲೇಬಲ್ ಎಲ್ಲಿಂದ ಬರಬೇಕು? ನಮ್ಮ ಗೋಕಾಕ ಕರದಂಟಿನಾಗ ಗೋಡಂಬಿ, ಬಾದಾಮಿ, ಅಂಟು ಇರೋದು, ಶೇಂಗಾ ಅಲ್ಲ. ಆದ್ರೂ ಅವಳಿಗೆ ಕೊಡೋದಿಲ್ಲ. ಒಂದೇ ತಟ್ಟಿ, ಒಂದೇ ಚಾಕು ಯಾವ್ಯಾವದಕ್ಕೆ ಮುಟ್ಟಿರ್ತದೋ.

(4/4)
ಓದಿ ಮುಗಿಸಿದ ಮ್ಯಾಲೆ ನನಗ ನಾಯಿಗಿಂತ ಹೆಚ್ಚು ಅಂಜಿಕಿ ಹುಟ್ಟಿಸಿದ್ದು ಒಂದು ಮಾತು: "ಒಂದ ಚೂರ ತಿಂದ್ರ ಏನ ಆಗತೈತಿ, ತಿನ್ನವ್ವಾ."

ಈ ಮಾತು ಹೇಳೋರು ಕೆಟ್ಟವರಲ್ಲ. ಪ್ರೀತಿಯಿಂದನ ಹೇಳ್ತಾರ. ನಮ್ಮ ಕಡೆ ಬ್ಯಾಡ ಅಂದ್ರ ಕೊಟ್ಟವರ ಮನಸ್ಸಿಗೆ ಹತ್ತತೈತಿ, ಅದಕ್ಕ ಎರಡನೇ ಸಲ ಒತ್ತಾಯ, ಮೂರನೇ ಸಲ ಸೀದಾ ಕೈಯಾಗ ಇಟ್ಟುಬಿಡೋದು. ಒಂಬತ್ತು ವರ್ಷದ ಹುಡುಗಿ ಎಷ್ಟು ಮಂದಿ ದೊಡ್ಡವರಿಗೆ ಬ್ಯಾಡ ಅನ್ನಬೇಕ್ರಿ? ಅದೂ ನಗನಗತಾ?

ಅವಳ ಸಾಲಿಯಲ್ಲಿ ಈಗ ಒಂದು ವ್ಯವಸ್ಥಾ ಆಗೈತಿ, ಯಾರೂ ಕೂತು ಮಾಡಿದ್ದಲ್ಲ. ಅವಳ ಬೆಂಚಿನ ಗೆಳತಿ ದಿನಾ ಮೊದಲು ಕೇಳ್ತಾಳಂತ, "ಇದರಾಗ ಶೇಂಗಾ ಹಾಕ್ಯಾರೇನು?" ಎದುರಿಗಿದ್ದವರಿಗೆ ಗೊತ್ತಿಲ್ಲ ಅಂದ್ರ, "ಹಂಗಾರ ನಮಗ ಬ್ಯಾಡ" ಅಂತಾಳ. "ನಮಗ" ಅಂತಾಳ, ನೋಡ್ರಿ. ತನಗ ಭಾಳ ಇಷ್ಟದ ಚಿಕ್ಕಿಯನ್ನು ಅವಳು ಇನ್ನೊಂದು ಬೆಂಚಿಗೆ ಹೋಗಿ ತಿಂದು, ಕೈ ತೊಳಕೊಂಡು ಬರ್ತಾಳ. ಬರೀ ನೀರಿಂದ ಅಲ್ಲ, ಸಾಬೂನು ಹಚ್ಚಿ. ಕಾಕು ಹೇಳಿಕೊಟ್ಟಾಳ.

ಗೆಳತಿ ಇದ್ರೂ, ನಾಯಿ ಇದ್ರೂ ಅಡ್ರಿನಾಲಿನ್‌ಗೆ ಬದಲಿ ಯಾವುದೂ ಇಲ್ಲ. ಅಲರ್ಜಿ ಗುಳಿಗಿ ಕೊಟ್ಟು ಕಾಯ್ಕೋತ ಕೂಡಬಾರದು. ಉಸಿರಿಗೆ ತ್ರಾಸ ಆದ್ರ ಸೀದಾ ದವಾಖಾನಿ. ಎಬ್ಬಿಸಿ ನಡೆಸಿಕೊಂಡು ಹೋಗಬಾರದು. ಉಸಿರಾಡಾಕ ಕಷ್ಟ ಇದ್ರ ಕುಂದರಿಸಬೇಕು, ತಲಿ ತಿರುಗತಿದ್ರ ಮಲಗಿಸಿ ಕಾಲು ಎತ್ತರಕ್ಕಿಡಬೇಕು. ಆರಾಮ ಆದ ಮ್ಯಾಲೂ ಕೆಲ ತಾಸು ಡಾಕ್ಟರ ಕಣ್ಣಮುಂದ ಇರಬೇಕು, ಯಾಕಂದ್ರ ಎರಡನೇ ಸಲ ತಿರುಗಿ ಬರಬಹುದು. ಇಷ್ಟನ್ನ ನೆನಪಿಟ್ಟುಕೊಳ್ರಿ, ನಾಳೆ ಯಾರ ಪಂಕ್ತಿಯೊಳಗ ಬೇಕಾಗತೈತೋ ಗೊತ್ತಿಲ್ಲ.

ನಾಯಿ ವಿಷಯ ಅವಳಿಗೆ ಹೇಳಿದೆ. "ಇಲ್ಲಿ ತಂದ್ರ ಅದಕ್ಕ ಎದ್ದು ನಿಲ್ಲಾಕ ಪುರಸೊತ್ತ ಸಿಗಂಗಿಲ್ಲ" ಅಂದೆ. ಒಂದು ಗಳಿಗೆ ಮೋತಿ ಸಣ್ಣ ಮಾಡಿ, ಆಮ್ಯಾಲೆ "ಸುಮ್ಮನ ಸಾಕಾಕರ ತರೂಣು" ಅಂದಳು. ಅದನ್ನ ಕಾಕಾನೇ ನೋಡಿಕೊಳ್ಳಲಿ.

ಮುಂದಿನ ತಿಂಗಳು ಗೋಕಾಕದಾಗ ನಮ್ಮ ಅಕ್ಕನ ಕುಬಸ. ಅಡಿಗಿ ಮಾಡೋರ ಜೋಡಿ ಮಾತಾಡೋ ಜವಾಬ್ದಾರಿ ನಂದು. ಇಡೀ ಅಡಿಗಿಯಾಗ ಶೇಂಗಾ ಬ್ಯಾಡ ಅಂದಾಗ ಅವರು ನನ್ನ ಮೋತಿ ನೋಡಿದ ರೀತಿ ಏನ್ ಕೇಳ್ತೀರಿ! ಎಳ್ಳು, ಗುರೆಳ್ಳು, ಒಣಕೊಬ್ಬರಿ ಅವಳಿಗೆ ನಡೀತಾವ. ಶೇಂಗಾ ಹಾಕದೆ ಎಣಗಾಯಿ ಮಾಡೋದು ನಿಮ್ಮ ಮನಿಯಾಗ ಯಾರಿಗಾದ್ರೂ ಗೊತ್ತಿದ್ರ ರೆಸಿಪಿ ಕಳಸ್ರಿ. ನೂರಾ ಐವತ್ತು ಮಂದಿಗೆ ಆಗೋವಷ್ಟು ಅಳತಿ ಇದ್ರ ಇನ್ನೂ ಚಲೋ.

#ಮೂಡಲಗಿ #ಹುಕ್ಕೇರಿ #ಗೋಕಾಕ #ಶೇಂಗಾಅಲರ್ಜಿ