ಕದ್ರಿಯ ದೊಡ್ಡ ಮನೆಗಳು

ಓದುಗ ಸೋದರಿಯರೇ, ನೀವು ಮಂಗಳೂರಿಗೆ ಬಂದಿರಬಹುದು. ಬಂದವರು ಸಾಮಾನ್ಯವಾಗಿ ಮಂಗಳಾದೇವಿ, ಕುದ್ರೋಳಿ, ಪಣಂಬೂರಿನ ಕಡಲು ನೋಡಿ, ಒಂದು ಗಡ್‌ಬಡ್ ಐಸ್‌ಕ್ರೀಂ ತಿಂದು ಸಂಜೆಯ ಬಸ್ಸು ಹಿಡಿಯುತ್ತಾರೆ. ಬೆಳ್ತಂಗಡಿಯಿಂದ ಬಂದು ಹೋಗುವ ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದವಳು. ಈ ಸಲ ಮಗಳ ಪಿಯುಸಿ ಮುಗಿದಿತ್ತು. ಕಾಲೇಜು, ಹಾಸ್ಟೆಲು ನೋಡಬೇಕಿತ್ತು. ಕದ್ರಿ ಕಂಬಳದ ಹತ್ತಿರ ನನ್ನ ದೊಡ್ಡಮ್ಮನ ಮಗಳ ಮನೆಯುಂಟು. ಅಲ್ಲಿ ನಾಲ್ಕು ದಿನ ಉಳಿದೆವು. ಅನುಕೂಲಸ್ಥರ ಬಡಾವಣೆಯ ಬದುಕು ಒಳಗಿನಿಂದ ಹೇಗಿರುತ್ತದೆ ಎಂದು ಕಂಡದ್ದು ಆಗಲೇ.

ಸ್ಟೇಟ್‌ಬ್ಯಾಂಕಿನಿಂದ ಸಿಟಿ ಬಸ್ಸು ಹತ್ತಿದರೆ ಹಂಪನಕಟ್ಟೆ, ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ ದಾಟಿ ಕದ್ರಿ ಸಿಗುತ್ತದೆ. ಒಂದು ಮಗ್ಗುಲಿಗೆ ಬೆಂದೂರು, ಇನ್ನೊಂದು ಮಗ್ಗುಲಿಗೆ ಬಿಜೈ. ‘ಕದ್ರಿ ಕಂಬಳ’ ಎಂಬ ಹೆಸರು ಬಂದದ್ದು ಹಿಂದೆ ಅಲ್ಲಿನ ಗದ್ದೆಯಲ್ಲಿ ಕೋಣಗಳನ್ನು ಓಡಿಸುತ್ತಿದ್ದುದರಿಂದ. ಈಗ ಸುತ್ತಮುತ್ತ ಗದ್ದೆಯಿಲ್ಲ. ಜಾಗವನ್ನು ಸೆಂಟ್ಸ್ ಲೆಕ್ಕದಲ್ಲಿ ಅಳೆದು, ಚಿನ್ನದ ಹಾಗೆ ತೂಗಿ ಮಾರುತ್ತಾರೆ! ಕೆಂಪುಕಲ್ಲಿನ ಕಂಪೌಂಡು, ಹೆಂಚಿನ ಮಾಡು, ಅಂಗಳದಲ್ಲಿ ಹಲಸಿನ ಮರ ಇರುವ ಹಳೆಯ ಮನೆ ಒಂದೊಂದು ಮಾತ್ರ ಉಳಿದಿದೆ. ಅದರ ಪಕ್ಕದಲ್ಲೇ ಲಿಫ್ಟು, ವಾಚ್‌ಮನ್ ಇರುವ ಫ್ಲಾಟುಗಳು.

ಇಲ್ಲಿರುವವರು ಯಾರು ಅಂತೀರಾ? ಡಾಕ್ಟರರು, ವಕೀಲರು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಗಲ್ಫಿನಲ್ಲಿ ದುಡಿದು ಬಂದವರು. ಒಂದೇ ರಸ್ತೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕೇಳಿಸುತ್ತದೆ. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು ನಡಿಗೆ. ಎಂಟು ಗಂಟೆಗೆ ಗೇಟಿನ ಹತ್ತಿರ ಮೀನಿನವಳ ಕೂಗು. ಎಷ್ಟು ದೊಡ್ಡ ಮನೆಯಾದರೂ ಜ್ವರ ಬಂದ ದಿನ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯೇ ಬೇಕು! ಸಂಜೆ ಮಂಜುನಾಥನ ಗುಡಿಗೆ ಹೋಗುವವರು ಅತ್ತ, ಚರ್ಚಿಗೆ ಹೋಗುವವರು ಇತ್ತ. ಆ ಗುಡಿಯಲ್ಲಿ ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮರೆಯದೆ ನೋಡಿ. ಸಾವಿರ ವರ್ಷ ದಾಟಿದರೂ ಆ ಮುಖದ ಶಾಂತಿ ಮಾಸಿಲ್ಲ.

ಈ ಸಿರಿ ಬಂದದ್ದು ಎಲ್ಲಿಂದ? ನನಗೆ ತೋರುವ ಉತ್ತರ, ಶಾಲೆಯಿಂದ. ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಬೆಂದೂರಿನ ಸೇಂಟ್ ಆಗ್ನೆಸ್ ಕಾಲೇಜನ್ನು ಭಗಿನಿಯರು ಹೆಣ್ಣುಮಕ್ಕಳಿಗಾಗಿಯೇ ತೆರೆದದ್ದು 1921ರಲ್ಲಿ. ಆ ಕಾಲದಲ್ಲಿ ನಮ್ಮ ಅಜ್ಜಿಯರಿಗೆ ಸಹಿ ಹಾಕಲಿಕ್ಕೂ ಬರುತ್ತಿರಲಿಲ್ಲ, ನೆನಪಿಡಿ. ಓದಿದವರಿಗೆ ಕೆಲಸ ಕೊಡಲು ಈ ಕರಾವಳಿಯಲ್ಲೇ ಬ್ಯಾಂಕುಗಳು ಹುಟ್ಟಿದವು: 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯಾ (ಅದು 2019ರಲ್ಲಿ ಬೇರೆ ಬ್ಯಾಂಕಿನಲ್ಲಿ ವಿಲೀನವಾಯಿತು). ಮುಂದೆ ಕೆಲವರು ಮುಂಬಯಿಗೆ, ಅಲ್ಲಿಂದ ಗಲ್ಫಿಗೆ ಹೋದರು. 2006ರಲ್ಲಿ ಬಜ್ಪೆಯಿಂದಲೇ ದುಬೈಗೆ ವಿಮಾನ ಹಾರಿದಾಗ ದಾರಿ ಇನ್ನೂ ಸುಲಭವಾಯಿತು.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88ಕ್ಕೂ ಹೆಚ್ಚು. ಇಡೀ ರಾಜ್ಯದ್ದು 75. ಸಾವಿರ ಗಂಡಸರಿಗೆ 1020 ಹೆಂಗಸರು, ರಾಜ್ಯದಲ್ಲಿ 973. ಹೆಣ್ಣು ಹುಟ್ಟಿದರೆ ಕೊರಗುವ ಊರಲ್ಲ ಇದು ಎಂದು ಹೆಮ್ಮೆಪಡಬಹುದು. ಆದರೆ ಗಂಡಸರು ದುಡಿಮೆಗೆ ಊರು ಬಿಡುವುದೂ ಆ ಲೆಕ್ಕದೊಳಗೆ ಸೇರಿದೆ, ಅಲ್ಲವೇ?

ಅಕ್ಕನ ಮನೆಯಲ್ಲಿ ಐದು ಮಲಗುವ ಕೋಣೆ. ಬಾಗಿಲು ತೆರೆಯುವುದು ಎರಡಕ್ಕೆ. ಭಾವ ತೀರಿಕೊಂಡು ಮೂರು ವರ್ಷವಾಯಿತು. ಮಗಳು ದುಬೈಯಲ್ಲಿ, ಮಗ ಮೆಲ್ಬರ್ನಿನಲ್ಲಿ. ಮಗ ವಿಡಿಯೋ ಕಾಲ್‌ನಲ್ಲಿ ತನ್ನ ಬಡಾವಣೆಯನ್ನು ನಮಗೆ ತೋರಿಸಿದ. ಅಗಲವಾದ ರಸ್ತೆ, ಹುಲ್ಲಿನ ಅಂಗಳ, ಮನೆಗೆ ಎರಡು ಕಾರು. “ಒಳ್ಳೆಯ ಶಾಲೆ ಹತ್ತಿರ ಉಂಟು ಅಂತಲೇ ಇಲ್ಲಿ ಮನೆ ಮಾಡಿದ್ದು ಚಿಕ್ಕಮ್ಮ” ಎಂದ. ನನಗೆ ನಗು ಬಂತು. ಅವನ ಅಪ್ಪನೂ ಕದ್ರಿಯಲ್ಲಿ ಜಾಗ ತೆಗೆದುಕೊಂಡದ್ದು ಅದೇ ಕಾರಣಕ್ಕೆ! ಮಕ್ಕಳು ಓದಲೆಂದು ಇಲ್ಲಿ ಮನೆ ಕಟ್ಟಿದರು. ಮಕ್ಕಳು ಚೆನ್ನಾಗಿ ಓದಿದರು. ಓದಿದ್ದಕ್ಕೇ ಮನೆ ಖಾಲಿಯಾಯಿತು.

“ಎಂತ ಮಾಡುದು ಮಾರಾಯ್ತಿ, ಅವರನ್ನು ಬೈಲಿಕ್ಕೆ ಆಗ್ತದಾ? ಹೋಗಿ ಅಂತ ಕಳಿಸಿದ್ದು ನಾವೇ” ಎಂದಳು ಅಕ್ಕ.

ಕೆಲಸಕ್ಕೆ ಬರುವ ಹೆಂಗಸಿನ ಕತೆಯೂ ಬೇರೆಯಲ್ಲ. ಅವಳು ರಾತ್ರಿ ಬೀಡಿ ಕಟ್ಟಿ ಮಗಳಿಗೆ ನರ್ಸಿಂಗ್ ಓದಿಸಿದಳು. ಈಗ ಆ ಹುಡುಗಿಯೂ ಪಾಸ್‌ಪೋರ್ಟ್ ಮಾಡಿಸಿದ್ದಾಳೆ. ಅದನ್ನು ಹೇಳುವಾಗ ತಾಯಿಯ ಮುಖದಲ್ಲಿ ಹಿಗ್ಗು. ಪಾತ್ರೆ ತೊಳೆಯುವ ಕೈ ಮಾತ್ರ ಒಂದು ಗಳಿಗೆ ನಿಂತಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಳೆ ಮಗಳ ಅರ್ಜಿ ಕೊಡಬೇಕು. ಇವಳೂ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಹೋಗಿಬಿಟ್ಟರೆ? ಊರಲ್ಲೇ ಯಾವುದಾದರೂ ಕೋರ್ಸ್ ಮಾಡಲಿ ಎನ್ನಲೇ? ಹೈಸ್ಕೂಲು ಮುಗಿದ ಮೇಲೆ ನನಗೂ ಓದುವ ಆಸೆಯಿತ್ತು. “ಇನ್ನು ಸಾಕು” ಎಂದರು ಮನೆಯಲ್ಲಿ. ಆ ಮಾತು ಇಂದಿಗೂ ಚುಚ್ಚುತ್ತದೆ. ಅದನ್ನೇ ನಾನು ಮಗಳಿಗೆ ಹೇಗೆ ಹೇಳಲಿ?

ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಾ ಅಕ್ಕನೇ ಮಾತು ತೆಗೆದಳು. “ಹಾಸ್ಟೆಲ್ ಎಂತಕ್ಕೆ? ಮೇಲಿನ ಕೋಣೆ ಉಂಟಲ್ಲ. ಹುಡುಗಿ ಇಲ್ಲೇ ಇರ್ಲಿ.” ನಾನು ತಕ್ಷಣ ಹೂಂ ಎನ್ನಲಿಲ್ಲ. ನೆಂಟರ ಹಂಗು ಎಂದರೆ ಸಣ್ಣದೇ? ನಮ್ಮವರು ಒಪ್ಪಬೇಕಲ್ಲ! ಆದರೆ ಅಕ್ಕನ ಮುಖ ನೋಡಿದಾಗ, ಅವಳು ಉಪಕಾರ ಮಾಡುತ್ತಿಲ್ಲ, ಕೇಳುತ್ತಿದ್ದಾಳೆ ಎಂದು ತಿಳಿಯಿತು. ಫೋನಿನಲ್ಲಿ ನಮ್ಮವರೂ ಒಪ್ಪಿದರು. ಬಾಡಿಗೆಯ ಮಾತಿಲ್ಲ. ತಿಂಗಳಿಗೆ ತೋಟದ ಇಪ್ಪತ್ತು ತೆಂಗಿನಕಾಯಿ, ಕುಚ್ಚಲಕ್ಕಿ, ಮಳೆಗಾಲಕ್ಕೆ ಹಪ್ಪಳ, ಸಂಡಿಗೆ ನಮ್ಮ ಕಡೆಯಿಂದ.

ಸೋದರಿಯರೇ, ದೊಡ್ಡ ಮನೆ ಕಂಡಾಗ ಹೊಟ್ಟೆಕಿಚ್ಚು ಬೇಡ. ಅಯ್ಯೋ ಪಾಪ ಎನ್ನುವುದೂ ಬೇಡ. ನಿಮ್ಮ ನೆಂಟರಲ್ಲಿ ಇಂಥ ಮನೆಯಿದ್ದರೆ ಮದುವೆಯ ಕಾಗದ ಕೊಡುವಾಗ ಮಾತ್ರ ಹೋಗಬೇಡಿ. ಎರಡು ದಿನ ಇದ್ದು, ಮುಚ್ಚಿದ ಕೋಣೆಯ ಕಿಟಕಿ ತೆರೆದು ಬನ್ನಿ.

ಅಂದು ಮಧ್ಯಾಹ್ನ ಅರ್ಜಿ ಕೊಟ್ಟು ಬರುವಷ್ಟರಲ್ಲಿ ಅಕ್ಕ ಮೇಲಿನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಳು.