ಮಾವಯ್ಯನ ಹೊಗೆಸೊಪ್ಪಿನ ಡಬ್ಬಿ, ಭಾವನ ಮಗನ ಸಿಗಾರು

ಹೊಗೆಸೊಪ್ಪಿನ ಹದ ಕಾಯೋದು ಹೆಂಗಸರ ಕೆಲಸ ಅಂತ ಯಾರೂ ಬರೆದಿಟ್ಟಿಲ್ಲ. ಆದ್ರೆ ಕವಳದ ಹರಿವಾಣ ತುಂಬಿಸೋರು ಯಾರು, ಎಲೆ ತೊಳೆದು ಒರೆಸಿಡೋರು ಯಾರು, ಸುಣ್ಣ ಒಣಗಿದ್ರೆ ನೀರು ಹಾಕಿ ಕಲಸೋರು ಯಾರು, ನಿಮ್ಮನೆ ಲೆಕ್ಕ ನೀವೇ ಹಾಕಿ ನೋಡಿ. ನಾನು ಕೊಪ್ಪದ ಹತ್ರದ ಈ ಮನೆಗೆ ಬಂದು 26 ವರ್ಷ ಆಯ್ತು. ಅತ್ತೆಮ್ಮ ಉಗ್ರಾಣದ ಬೀಗದ ಕೈ ಕೊಡೋಕಿಂತ ಎಷ್ಟೋ ಮೊದಲೇ ಮಾವಯ್ಯನ ಹೊಗೆಸೊಪ್ಪಿನ ಡಬ್ಬಿ ನನ್ನ ಕೈಗೆ ಕೊಟ್ಟಿದ್ರು.

ಎಲೆಗೂ ಹೊಗೆಸೊಪ್ಪಿಗೂ ಹರಿವಾಣ ಒಂದೇ, ಹದ ಬೇರೆ. ಎಲೆಗೆ ತಂಪು ಬೇಕು. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಕೊಯ್ದು ತಂದದ್ದನ್ನ ತೊಳೆದು, ನೀರಾರಿಸಿ, ಬಾಳೆಪಟ್ಟೆಲಿ ಸುತ್ತಿ ನೆಲದ ಮೇಲಿಟ್ರೆ ವಾರದವರೆಗೆ ಎಂತ ಆಗಲ್ಲ. ಒಂದೆಲೆ ಕೊಳೆತ್ರೆ ಮಾತ್ರ ಪಕ್ಕದ್ದಕ್ಕೂ ಹತ್ತತ್ತೆ, ಹಂಗಾಗಿ ದಿನಾ ಬಿಚ್ಚಿ ನೋಡ್ಬೇಕು. ಹೊಗೆಸೊಪ್ಪು ಹಂಗಲ್ಲ. ಅದು ಒಣಗಿಸಿದ ಸೊಪ್ಪು. ಗಾಳಿಲಿ ತೇವ ಇದ್ರೆ ಕುಡಿಯತ್ತೆ, ಇಲ್ದಿದ್ರೆ ತನ್ನಲ್ಲಿದ್ದದ್ದನ್ನೂ ಬಿಡತ್ತೆ. ಮಾಗಿಯ ಒಣಗಾಳಿಗೆ ಮುಟ್ಟಿದ್ರೆ ಪುಡಿಪುಡಿ. ಆಷಾಢದಲ್ಲಿ ಒಣಗದ ಬಟ್ಟೆ ಥರ ಮೆತ್ತಗೆ, ನಾಲ್ಕು ದಿನ ಮರೆತ್ರೆ ಬಿಳೀ ಬೂಷ್ಟು. ಮಡಚಿದ್ರೆ ಮುರೀಬಾರದು, ಕೈಗೆ ಅಂಟಲೂಬಾರದು, ಅದು ಹದ. ಅತ್ತೆಮ್ಮ ಅದನ್ನ ಕಿವಿಲಿ ನೋಡ್ತಿದ್ರು. ಎಸಳನ್ನ ಕಿವಿ ಹತ್ರ ಹಿಡಿದು ಮೆಲ್ಲಗೆ ಉಜ್ಜೋದು. ಸರಸರ ಅಂದ್ರೆ ಒಣಗಿದೆ, ಎಂತದೂ ಕೇಳದಿದ್ರೆ ಒದ್ದೆ ಜಾಸ್ತಿ.

ಒಣಗಿದ್ರೆ ಉಪಾಯ ಸುಲಭ. ನೀರು ಮಾತ್ರ ಚಿಮುಕಿಸಬಾರದು, ಬಿದ್ದಲ್ಲಿ ಬೂಷ್ಟು ಬರತ್ತೆ. ರಾತ್ರಿ ಡಬ್ಬಿಯೊಳಗೆ ಒಂದು ಹಸಿ ವೀಳ್ಯದೆಲೆ ಇಟ್ಟು ಬೆಳಗ್ಗೆ ತೆಗೆದ್ರೆ ಸಾಕು, ಎಲೆಯ ತೇವ ಸೊಪ್ಪಿಗೆ ಹೋಗಿರತ್ತೆ. ಕಷ್ಟ ಇರೋದು ಮಳೆಗಾಲದಲ್ಲಿ. ಮೊದಲೆಲ್ಲ ಕಾಗದದಲ್ಲಿ ಕಟ್ಟಿ ಒಲೆ ಮೇಲಿನ ಅಟ್ಟಕ್ಕೆ ಸಿಕ್ಸಿದ್ರೆ ಆಗ್ತಿತ್ತು. ಗ್ಯಾಸ್ ಬಂದ ಮೇಲೆ ಅಟ್ಟವೇ ಥಂಡಿ ಹೊಡೀತಾ ಕೂತಿದೆ. ಬಚ್ಚಲೊಲೆಯ ಇದ್ದಲನ್ನ ಬಟ್ಟೆಲಿ ಕಟ್ಟಿ ಡಬ್ಬಿಗೆ ಹಾಕಿ ನೋಡಿದೆ, ಹುರಿದ ಅಕ್ಕಿ ಹಾಕಿ ನೋಡಿದೆ. ಎರಡೂ ಎರಡು ದಿನ ಕೆಲಸ ಮಾಡ್ತವೆ, ಆಮೇಲೆ ತೆಗೆದು ಮತ್ತೆ ಬಿಸಿ ಮಾಡ್ಬೇಕು. ಎನ್.ಆರ್. ಪುರದ ನನ್ನ ತಂಗಿಗೆ ಇಷ್ಟು ಗೋಳಿಲ್ಲ, ಅಲ್ಲಿ ಮಳೆ ನಮಗಿಂತ ಕಡಿಮೆ. ಶೃಂಗೇರಿ ದಾಟಿ ಕಿಗ್ಗದ ಕಡೆಯವರಿಗೆ ನಮಗಿಂತ ಹೆಚ್ಚು. ಆಗುಂಬೆಲಂತೂ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಸುರಿಯತ್ತೆ, ಅಲ್ಲಿ ಹೆಂಗೆ ಕವಳ ಹಾಕ್ತಾರೋ ದೇವರೇ ಬಲ್ಲ.

ಇಂಥಾ ಮಳೆಗೆ ಹೋದ ವರ್ಷ ಅಮೆರಿಕಾದಿಂದ ಭಾವನ ಮಗ ಬಂದ. ಅವನ ಚೀಲದಲ್ಲೊಂದು ಮರದ ಪೆಟ್ಟಿಗೆ, ಅದರೊಳಗೆ ಸಿಗಾರು. ಅವರಪ್ಪನಿಗೆ ಗೊತ್ತಿಲ್ಲ, ನನಗೆ ಮಾತ್ರ ತೋರಿಸಿದ. "ಚಿಕ್ಕಮ್ಮ, ಇದಕ್ಕೆ ಗಾಳಿಲಿ ತೇವ ನೂರಕ್ಕೆ 65ರಿಂದ 70ರೊಳಗೆ ಇರ್ಬೇಕು. ಇಲ್ಲಿ ಎಷ್ಟಿರತ್ತೆ?" ಅಂದ. ಹೊರಗೆ ಕೈ ಚಾಚಿ ನೋಡು ಮಾರಾಯ ಅಂದೆ.

ಅಲ್ಲಿಯವರದ್ದು ನಮ್ಮದರ ಉಲ್ಟಾ ಕಷ್ಟ ಅಂತೆ. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿ ಗಾಳಿ ಒಣಗಿ ಸಿಗಾರು ಸೀಳತ್ತೆ. ಅದಕ್ಕೆ ಪೆಟ್ಟಿಗೆಯೊಳಗೆ ನೀರು ಹಾಕಿದ ಸ್ಪಂಜು ಇಡ್ತಾರೆ, ನೀರು ಹೀರಿದ ಮಣಿಗಳನ್ನ ಇಡ್ತಾರೆ. ಪೆಟ್ಟಿಗೆ ಮರ ಸ್ಪ್ಯಾನಿಷ್ ಸೀಡರ್ ಅಂತೆ. ಹೆಸರಿಗೆ ಸೀಡರ್, ಜಾತಿಲಿ ನಮ್ಮ ಗಂಧಗರಿಗೆ ಮರದ ನೆಂಟ. ಸ್ಪಂಜು ನಮ್ಮೂರಲ್ಲಿ ಮಳೆಗಾಲಕ್ಕೆ ಹೇಳಿದ್ದಲ್ಲ, ಅದು ತೇವ ಕೊಡತ್ತೆ ಅಷ್ಟೆ, ತಗಳಲ್ಲ. ಅವನ ಹತ್ರ ಇನ್ನೊಂದು ಇತ್ತು, ಮೇಲೆ 69 ಅಂತ ಬರೆದ ಕಾಗದದ ಪೊಟ್ಟಣ. ಗಾಳಿ ಒಣಗಿದ್ರೆ ತೇವ ಕೊಡತ್ತೆ, ಜಾಸ್ತಿಯಾದ್ರೆ ತಾನೇ ಕುಡಿಯತ್ತೆ. ಒಳಗೆ ಎಂತ ಉಂಟು ಅಂತ ಕೇಳಿದ್ರೆ, ಲವಣ ಕರಗಿಸಿದ ನೀರು!

ಅಲ್ಲಿಗೆ ನನಗೆ ನಮ್ಮ ಉಪ್ಪಿನ ಮರಿಗೆಯ ಗುಟ್ಟು ತಿಳೀತು. ಅವನು ತೇವ ಅಳೆಯೋ ಮೀಟರ್ ಸರಿ ಇದೆಯಾ ಅಂತ ನೋಡೋದೂ ಉಪ್ಪಿಂದಲೇ. ಬಾಟ್ಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ನೀರಾಗದಷ್ಟು, ಮುದ್ದೆಯಾಗೋವಷ್ಟು ನೀರು ಬಿಟ್ಟು, ಮೀಟರಿನ ಜೊತೆ ಗಟ್ಟಿ ಮುಚ್ಚೋ ಡಬ್ಬಿಲಿ ಒಂದು ದಿನ ಇಡೋದು. ಮೀಟರ್ 75 ತೋರಿಸ್ಬೇಕು, ತೋರಿಸದಿದ್ರೆ ಮೀಟರ್ ತಪ್ಪು. ಅಂದ್ರೆ, ಅಡಿಗೆಮನೆಲಿ ಪುಡಿ ಉಪ್ಪು ತಾನಾಗೇ ನೀರು ಬಿಡ್ತಾ ಇದೆ ಅಂದ್ರೆ ಗಾಳಿಯ ತೇವ 75 ದಾಟಿದೆ ಅಂತಲೇ ಲೆಕ್ಕ. ಹರಳುಪ್ಪಲ್ಲಿ ಬೇರೆ ಲವಣಗಳೂ ಸೇರಿರ್ತವೆ, ಅದು ಇನ್ನೂ ಮೊದಲೇ ನೀರು ಬಿಡತ್ತೆ. ಮರಿಗೆ ಒದ್ದೆ ಆದ ದಿನ ಹಪ್ಪಳದ ಡಬ್ಬಿ ತೆಗೀಬೇಡ ಅಂತ ಅತ್ತೆಮ್ಮ ಹೇಳ್ತಿದ್ದದ್ದು ಸುಮ್ನೆ ಅಲ್ಲ.

ಮರದ ಪೆಟ್ಟಿಗೆ ಬ್ಯಾಡ ಅಂದೆ. ಸಂದಿಯಿಂದ ನಮ್ಮ ಮಳೆಗಾಳಿ ನುಗ್ಗಿದ್ರೆ ಆ ಪೊಟ್ಟಣ ನೀರು ಕುಡಿದೂ ಕುಡಿದೂ ಉಬ್ಬಿ ಸೋಲತ್ತೆ. ಚಕ್ಕುಲಿ ಹಾಕಿಡೋ ಗಟ್ಟಿ ಮುಚ್ಚಳದ ಡಬ್ಬಿ ಖಾಲಿ ಮಾಡಿ, ವಾಸನೆ ಹೋಗೋ ಹಂಗೆ ತೊಳೆದು, ಬಿಸಿ ಒಲೆ ಪಕ್ಕ ಪೂರ್ತಿ ಒಣಗಿಸಿ, ಆರಿದ ಮೇಲೆ ಪೊಟ್ಟಣದ ಜೊತೆ ಸಿಗಾರು ಇಟ್ಟೆ. ಬೆಚ್ಚಗೂ ಇಡಬಾರದು, ಹುಳ ಬರತ್ತೆ. ಆ ಹುಳದ ಚಿತ್ರ ತೋರಿಸಿದ, ನೋಡಿದ್ರೆ ನಮ್ಮ ಕೊತ್ತಂಬರಿ ಬೀಜ, ಅರಿಶಿನದ ಕೊಂಬಿಗೆ ಬರೋ ಅದೇ ಸಣ್ಣ ಕಂದು ಹುಳ! ಒಂದು ತಿಂಗಳು ಅವನ ಸಿಗಾರಿಗೆ ಎಂತದೂ ಆಗಲಿಲ್ಲ. ಉಳಿದ ಒಂದು ಪೊಟ್ಟಣವನ್ನ ಅಜ್ಜಯ್ಯನ ಹೊಗೆಸೊಪ್ಪಿಗೆ ಅಂತ ಬಿಟ್ಟು ಹೋದ.

ಅಷ್ಟು ವರ್ಷ ಹುಡುಕಿದ ಉಪಾಯ ಕೈಗೆ ಬಂದಿತ್ತು. ಆದ್ರೆ ನವರಾತ್ರಿ ಹೊತ್ತಿಗೆ ಮಾವಯ್ಯನಿಗೆ ಖಾರ ತಿಂದ್ರೆ ಬಾಯಿ ಉರಿ, ದೊಡ್ಡ ತುತ್ತಿಗೆ ಬಾಯಿ ಬಿಡಕ್ಕೆ ಕಷ್ಟ. ಡಾಕ್ಟರು ಕೆನ್ನೆ ಒಳಗಿನ ಬಿಳೀ ಮಚ್ಚೆ ನೋಡಿ, ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದ್ರೆ ಕವಳ ಪೂರ್ತಿ ಬಿಡ್ಬೇಕು ಅಂದ್ರು. ಹೊಗೆಸೊಪ್ಪು ಮಾತ್ರ ಅಲ್ವಾ ಅಂತ ನಮ್ಮೆಜಮಾನ್ರು ಕೇಳಿದ್ರು. ಅಲ್ಲ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯವರು 2004ರಲ್ಲೇ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಕವಳವನ್ನೂ ಕ್ಯಾನ್ಸರ್ ತರೋ ಪಟ್ಟಿಗೆ ಸೇರಿಸಿದ್ದಾರೆ. ಅಡಿಕೆಯಿಂದಲೇ ಉಣ್ಣೋ ಮನೆಲಿ ಕೂತು ಇದನ್ನ ಬರೆಯೋದು ಎಷ್ಟು ಕಷ್ಟ ಅಂತ ನಿಮಗೆ ಬೇರೆ ಹೇಳ್ಬೇಕಾ? ಮಕ್ಕಳ ಫೀಸು, ಈ ಮನೆ ಹೆಂಚು, ನನ್ನ ಬಳೆ, ಎಲ್ಲ ಅದರದ್ದೇ.

ಮನೆಗೆ ಬಂದು ಯಾರೂ ಮಾತಾಡಲಿಲ್ಲ. 82 ವರ್ಷದವರಿಗೆ ಬಿಡಿ ಅನ್ನೋರು ಯಾರು? ಆ ರಾತ್ರಿ ಡಬ್ಬಿ ಎತ್ತಿದೆ. ಸೊಪ್ಪು ಹದವಾಗಿತ್ತು, ಮೆತ್ತಗೆ, ಘಮ ಅಂತ. ಪೊಟ್ಟಣ ತೆಗೆದು ಬಚ್ಚಲೊಲೆಗೆ ಹಾಕಿದೆ. ಸೊಪ್ಪು ಬಿಸಾಡಲಿಲ್ಲ, ಅದು ಅವರದ್ದು. ಹದ ಕಾಯೋದನ್ನ ಮಾತ್ರ ಬಿಟ್ಟೆ, ಅದು ನಂದು. ಮರುದಿನವೇ ಹೇಳಿದೆ, "ಮಾವಯ್ಯ, ಇನ್ಮೇಲೆ ನಾನು ಇದನ್ನ ನೋಡ್ಕಳಲ್ಲ." ಅವರು ನನ್ನ ಮುಖ ನೋಡಿದ್ರು, ಎಂತದೂ ಅನ್ನಲಿಲ್ಲ. ಮಾಗಿ ಹೊತ್ತಿಗೆ ಡಬ್ಬಿಲಿ ಬರೀ ಪುಡಿ. ಒಂದು ಚಿಟಿಕೆ ಬಾಯಿಗೆ ಹಾಕಿ ಉಗಿದು, ಡಬ್ಬಿನ ತಾವೇ ತಂದು ಅಡಿಗೆಮನೆ ಕಟ್ಟೆ ಮೇಲಿಟ್ಟು ಹೋದ್ರು.

ಅಡಿಕೆ ಬಿಟ್ಟಿಲ್ಲ. ದಿನಕ್ಕೆ ಎಂಟಿದ್ದದ್ದು ಎರಡಕ್ಕೆ ಇಳಿದಿದೆ, ಊಟ ಆದ ಮೇಲೆ ಮಾತ್ರ. ಮೂರು ತಿಂಗಳಿಗೊಮ್ಮೆ ಬಾಯಿ ತೋರಿಸಿ ಬರ್ತಾರೆ. ಎಲೆ ಈಗಲೂ ನಾನೇ ಬಾಳೆಪಟ್ಟೆಲಿ ಸುತ್ತಿಡೋದು. ಹೊಗೆಸೊಪ್ಪಿಲ್ಲದ ಕವಳಕ್ಕೆ ಸುಣ್ಣ ಜಾಸ್ತಿ ಆಗ್ತದೆ ಅಂತ ದಿನಾ ನನ್ನ ಮೇಲೆ ಹಾರಾಡ್ತಾರೆ. ಹಚ್ಚಿಕೊಳ್ಳೋದು ಅವರೇ.