ಹೂವು ಮೊದಲು, ಮರ ಆಮೇಲೆ

ಸಕಲೇಶಪುರ, ಆಲೂರಿನ ತೋಟಗಳಲ್ಲಿ ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಥೇಟ್ ಮಲ್ಲಿಗೆಯ ಘಮ! ಮೂರ್ನಾಲ್ಕು ದಿನದಲ್ಲಿ ಹೂ ಕಂದುತ್ತದೆ, ಘಮವೂ ಕರಗುತ್ತದೆ.

ಮೈಗೆ ಹಚ್ಚಿದ ಸೆಂಟಿನ ಕತೆಯೂ ಹೀಗೇ, ಆದರೆ ಗಂಟೆಗಳ ಲೆಕ್ಕದಲ್ಲಿ. ನಿಂಬೆ, ಕಿತ್ತಳೆಯಂಥ ಹಗುರ ವಾಸನೆಗಳು ಚರ್ಮದ ಬಿಸಿಗೆ ಬೇಗ ಹಾರಿಹೋಗುತ್ತವೆ. ಆಮೇಲೆ ಮಲ್ಲಿಗೆ, ಸಂಪಿಗೆಯ ಸರದಿ. ಕೊನೆಗೆ ಉಳಿಯುವುದು ಶ್ರೀಗಂಧ. ಅದರ ಎಣ್ಣೆಯಲ್ಲಿರುವ ಸ್ಯಾಂಟಲಾಲ್‌ನ ಅಣುಗಳು ಭಾರ, ನಿಧಾನಕ್ಕೆ ಆವಿಯಾಗುತ್ತವೆ.

ಹೂವಿನ ಅತ್ತರನ್ನು ಗಂಧದೆಣ್ಣೆಯಲ್ಲೇ ಇಳಿಸುವ ಹಳೆಯ ಪದ್ಧತಿಗೂ ಇದು ಒದಗಿಬಂತು. ಆ ಎಣ್ಣೆಗೆಂದೇ ಮೈಸೂರಿನಲ್ಲಿ ಸರ್ಕಾರಿ ಕಾರ್ಖಾನೆ ಶುರುವಾದದ್ದು 1916ರಲ್ಲಿ.

ಬೆಳಿಗ್ಗೆ ಹಚ್ಚಿದವರು ಸಂಜೆ ಮಣಿಕಟ್ಟು ಮೂಸಿದರೆ ಹೂವಿಲ್ಲ. ಮರ ಮಾತ್ರ ಇನ್ನೂ ಅಲ್ಲೇ ಇರುತ್ತದೆ.